ಕೈಯ ಬಲ ಕುಂದಿದವರಿಗೆ ರಿವಾಲ್ವರೋ ಪಿಸ್ತೂಲೋ?

ಸಂಘದ ಕಛೇರಿಗೆ ಬರುವ ಹಿರಿಯ ಸದಸ್ಯರಲ್ಲಿ ಕೆಲವರು ಗೊಬ್ಬರ, ಮೈಲುತುತ್ತದ ಮಾತು ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಕೇಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ತೋಟದ ನಡುವಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಪಕ್ಕದ ಮನೆಗೆ ಕೂಗಿದರೆ ಕೇಳುವುದಿಲ್ಲ. ಮೆಣಸು ಒಣಗುವ ಕಾಲದಲ್ಲಿ, ಅಡಿಕೆ ಅಂಗಳದಲ್ಲಿರುವ ಕಾಲದಲ್ಲಿ ರಾತ್ರಿ ನಿದ್ದೆ ಹತ್ತುವುದಿಲ್ಲ. ಹಳೆಯ ಜೋಡುನಳಿಗೆ ಕೋವಿಯನ್ನು ಎತ್ತಿ ಹಿಡಿಯಲು ಭುಜ ಒಪ್ಪುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಒಂದು ಕೈಕೋವಿ ತೆಗೆದುಕೊಳ್ಳೋಣವೆಂದರೆ ಬೆರಳಿನಲ್ಲಿ ಮೊದಲಿನ ಬಲವಿಲ್ಲ. ಏನು ಮಾಡೋಣ?

ಈ ಪ್ರಶ್ನೆಯನ್ನು ನಕ್ಕು ಮರೆಸುವುದು ಸರಿಯಲ್ಲ. ಅಂಗಡಿಯವರ ಮಾತಿಗೇ ಬಿಟ್ಟುಬಿಡುವುದೂ ಸರಿಯಲ್ಲ. ಆದಕಾರಣ ನಮಗೆ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ.

ಮೊದಲು, ಬೇಕೇ?

ಕೈಕೋವಿ ಕಾಡುಪ್ರಾಣಿಗೆ ಉತ್ತರವಲ್ಲ. ಕಾಟಿ, ಆನೆಗಳ ಎದುರು ರಿವಾಲ್ವರು ಹಿಡಿದು ನಿಂತವನು ತನ್ನ ಅಪಾಯವನ್ನು ಹೆಚ್ಚಿಸಿಕೊಳ್ಳುತ್ತಾನೆಯೇ ಹೊರತು ಕಡಿಮೆ ಮಾಡಿಕೊಳ್ಳುವುದಿಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದ್ದೇ ಇದೆ. ಕೈಕೋವಿಯ ವಿಚಾರ ಏನಿದ್ದರೂ ಮನುಷ್ಯರಿಂದ ಬರುವ ಅಪಾಯಕ್ಕೆ ಸಂಬಂಧಿಸಿದ್ದು.

ಹಿಂದೆ ವಾರದ ಬಟವಾಡೆಗೆಂದು ಬ್ಯಾಂಕಿನಿಂದ ಹಣ ತೆಗೆದು ಒಂಟಿದಾರಿಯಲ್ಲಿ ಬರುವುದೇ ದೊಡ್ಡ ಭಯವಾಗಿತ್ತು. ಈಗ ಕೂಲಿಯನ್ನು ಆಳುಗಳ ಖಾತೆಗೇ ಹಾಕಲು ಬರುತ್ತದೆ, ಮೊಬೈಲಿನಲ್ಲೂ ಕಳಿಸಬಹುದು. ಮನೆಯಲ್ಲಿ ಹಣವಿಲ್ಲವೆಂದು ಊರಿಗೆ ಗೊತ್ತಾಗುವುದೇ ಒಂದು ರಕ್ಷಣೆ. ಗಟ್ಟಿ ಬಾಗಿಲು, ಅಂಗಳಕ್ಕೆ ಬೆಳಕು, ಎರಡು ನಾಯಿ, 112 ಸಂಖ್ಯೆ, ರಾತ್ರಿ ಕರೆದರೆ ಓಡಿ ಬರುವ ಇಬ್ಬರು ನೆರೆಯವರು, ಇವಿಷ್ಟನ್ನು ಮೊದಲು ಮಾಡಿಕೊಂಡು ಆಮೇಲೂ ಬೇಕೆನಿಸಿದರೆ ಮುಂದಿನ ಮಾತು.

ಯಾವ ಬಲ ಕುಂದಿದೆ?

‘ಕೈಯಲ್ಲಿ ಬಲವಿಲ್ಲ’ ಎನ್ನುವುದು ಒಂದೇ ಕಾಯಿಲೆಯಲ್ಲ. ನಲವತ್ತು ವರ್ಷ ಕತ್ತರಿ ಹಿಡಿದು ಕಸಿ ಮಾಡಿದವರಿಗೆ ಹೆಬ್ಬೆರಳಿನ ಬುಡದ ಕೀಲು ಸವೆದಿರುತ್ತದೆ. ಇವರಿಗೆ ಚಿವುಟಿ ಹಿಡಿಯುವ ಕೆಲಸ ಕಷ್ಟ. ಮುಷ್ಟಿ ಕಟ್ಟುವುದು ಅಷ್ಟು ಕಷ್ಟವಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡವರಿಗೆ ಬೆರಳು ಜೋಮು ಹಿಡಿಯುತ್ತದೆ. ಹಿಡಿದ ವಸ್ತು ಜಾರಿದ್ದೇ ತಿಳಿಯುವುದಿಲ್ಲ. ಕೆಲವರಿಗೆ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಂಡು, ಬಿಚ್ಚುವಾಗ ಟಕ್ಕೆಂದು ಬಿಡುತ್ತದೆ. ವೈದ್ಯರು ಇದನ್ನೇ ‘ಟ್ರಿಗರ್ ಫಿಂಗರ್’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಸಂಧಿವಾತದವರಿಗೆ ಬೆಳಗಿನ ಹೊತ್ತು ಬೆರಳುಗಳೇ ಬಗ್ಗುವುದಿಲ್ಲ. ಇನ್ನು ಕೈನಡುಕವಿದ್ದವರ ವಿಷಯವೇ ಬೇರೆ.

ಕೋವಿಯೂ ಹಾಗೆಯೇ ಒಂದೇ ಬಲ ಕೇಳುವುದಿಲ್ಲ. ಟ್ರಿಗರ್ ಎಳೆಯಲು ತೋರುಬೆರಳು, ಪಿಸ್ತೂಲಿನ ಸ್ಲೈಡು ಹಿಂದಕ್ಕೆಳೆಯಲು ಚಿವುಟುವ ಬಲ, ತೋಟಾ ತುಂಬಲು ಹೆಬ್ಬೆರಳು, ಒದೆತ ತಡೆಯಲು ಮುಷ್ಟಿ ಮತ್ತು ಮಣಿಕಟ್ಟು. ತನ್ನ ಕೈಯಲ್ಲಿ ಏನು ಹೋಗಿದೆ, ಏನು ಉಳಿದಿದೆ ಎಂದು ತಿಳಿಯದೆ ಕೋವಿ ಆರಿಸುವುದು ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಿದ ಹಾಗೆ. ಮೊದಲು ವೈದ್ಯರಿಗೆ ಕೈ ತೋರಿಸಬೇಕು. ಈ ತೊಂದರೆಗಳಲ್ಲಿ ಕೆಲವು ಚಿಕಿತ್ಸೆಯಿಂದ ಗುಣವಾಗುವಂಥವು.

ಪಿಸ್ತೂಲಿನ ಕಷ್ಟ

ನಮ್ಮ ದೇಶದಲ್ಲಿ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿನದು. ಸಾಮಾನ್ಯ ಲೈಸೆನ್ಸುದಾರನಿಗೆ ಸಿಗುವುದು ಹೆಚ್ಚಾಗಿ .32 ಬೋರಿನದು. ಇಂಥ ಸಣ್ಣ ಪಿಸ್ತೂಲುಗಳಲ್ಲಿ ಬಹುಪಾಲಿನ ಸ್ಲೈಡನ್ನು ಮುಂದೆ ಹಿಡಿದಿಡುವುದು ಅದರ ಭಾರ ಮತ್ತು ಸ್ಪ್ರಿಂಗು ಮಾತ್ರ. ಬೇರೆ ಅಗಳಿ ಇರುವುದಿಲ್ಲ. ಆದ್ದರಿಂದ ಸ್ಪ್ರಿಂಗು ಬಿಗಿಯಾಗಿರಲೇಬೇಕು. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡು ಹಗುರ, ಸ್ಪ್ರಿಂಗು ಇನ್ನೂ ಬಿಗಿ. ‘ಚಿಕ್ಕದು, ಆದ್ದರಿಂದ ಮುದುಕರಿಗೆ ಸುಲಭ’ ಎಂಬ ಮಾತು ಇಲ್ಲಿ ತಲೆಕೆಳಗು.

ಸ್ಲೈಡು ಎಳೆಯಲು ಎರಡು ಬೆರಳಿನಲ್ಲಿ ಚಿವುಟುವ ಬದಲು ಇಡೀ ಅಂಗೈಯನ್ನು ಮೇಲಿನಿಂದ ಹೊದಿಸಿ ಹಿಡಿದು, ಪಿಸ್ತೂಲಿನ ಹಿಡಿಯನ್ನು ಮತ್ತೊಂದು ಕೈಯಿಂದ ಮುಂದಕ್ಕೆ ತಳ್ಳುವ ಕ್ರಮವಿದೆ. ಇದರಲ್ಲಿ ಬೆರಳಿನ ಕೆಲಸವನ್ನು ತೋಳು ಮಾಡುತ್ತದೆ. ಹೀಗೆ ಮಾಡಿದಾಗ ಸಾಧ್ಯವಾಗುವವರೂ ಇದ್ದಾರೆ. ಆದರೂ ಆಗದಿದ್ದರೆ ಪಿಸ್ತೂಲಿನ ಆಸೆ ಬಿಡಬೇಕು. ಹೆಂಡತಿಯೋ ಆಳೋ ಸ್ಲೈಡು ಎಳೆದುಕೊಡಲಿ, ಆಮೇಲೆ ತುಂಬಿದಂತೆಯೇ ಇಟ್ಟುಕೊಂಡರಾಯಿತು ಎಂದು ಯೋಚಿಸುವವರಿದ್ದಾರೆ. ಇದು ಅತ್ಯಂತ ಅಪಾಯದ ಯೋಚನೆ. ಸ್ಲೈಡು ಎಳೆಯಲಾರದವನಿಗೆ ನಳಿಗೆಯಲ್ಲಿರುವ ತೋಟಾವನ್ನು ಹೊರತೆಗೆಯಲೂ ಆಗುವುದಿಲ್ಲ. ಮ್ಯಾಗಜೀನು ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗಲಿಲ್ಲ. ನಳಿಗೆಯಲ್ಲಿ ಒಂದು ಉಳಿದೇ ಇರುತ್ತದೆ. ಖಾಲಿ ಮಾಡಲಾಗದ ಕೋವಿ ಮನೆಯೊಳಗೆ ಇಟ್ಟ ಹಾವು.

ಇನ್ನೊಂದು ಮಾತು. ಹಿಡಿತ ಸಡಿಲವಾಗಿದ್ದರೆ ಪಿಸ್ತೂಲು ಒಂದು ಈಡಿನ ನಂತರ ಸಿಕ್ಕಿಹಾಕಿಕೊಳ್ಳುವುದುಂಟು. ಸ್ಲೈಡು ಪೂರ್ತಿ ಹಿಂದೆ ಹೋಗಿ ಬರಲು ಹಿಡಿದ ಕೈ ಗಟ್ಟಿ ನಿಲ್ಲಬೇಕು. ಸಿಕ್ಕಿಕೊಂಡದ್ದನ್ನು ಬಿಡಿಸಲು ಮತ್ತೆ ಅದೇ ಸ್ಲೈಡನ್ನೇ ಎಳೆಯಬೇಕು!

ಹೊರದೇಶದಲ್ಲಿರುವ ಮಕ್ಕಳು ಕೆಲವೊಮ್ಮೆ ಅಲ್ಲಿಯ ಹೆಸರು ಹೇಳುತ್ತಾರೆ. ಅಮೆರಿಕದಲ್ಲಿ ಸ್ಮಿತ್ ಆ್ಯಂಡ್ ವೆಸ್ಸನ್ ಕಂಪೆನಿ ಸ್ಲೈಡು ಸುಲಭವಾಗಿ ಎಳೆಯಬರುವ ‘ಇಝಡ್’ ಎಂಬ ಮಾದರಿಯನ್ನು 2018ರಲ್ಲಿ ತಂದಿತು. ಇಟಲಿಯ ಬೆರೆಟ್ಟಾದವರ ಕೆಲವು ಮಾದರಿಗಳಲ್ಲಿ ಸ್ಲೈಡು ಎಳೆಯದೆ ನಳಿಗೆಯನ್ನೇ ಮೇಲೆತ್ತಿ ತೋಟಾ ಇಡಬಹುದು. ಒಳ್ಳೆಯ ಉಪಾಯಗಳೇ. ಆದರೆ ಅವು ನಮ್ಮ ಸಾಮಾನ್ಯ ಲೈಸೆನ್ಸುದಾರ ಹೊರದೇಶದಿಂದ ತರಿಸಿಕೊಳ್ಳಬಹುದಾದ ವಸ್ತುಗಳಲ್ಲ. ಇಲ್ಲಿ ಸಿಗುವುದರಲ್ಲೇ ಆರಿಸಬೇಕು.

ರಿವಾಲ್ವರಿನ ಅನುಕೂಲ, ಅನನುಕೂಲ

ರಿವಾಲ್ವರಿನಲ್ಲಿ ಎಳೆಯಲು ಸ್ಲೈಡಿಲ್ಲ. ತಿರುಗುವ ಉರುಳೆಯನ್ನು ತೆರೆದರೆ ತೋಟಾ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಖಾಲಿ ಮಾಡುವುದು ಸುಲಭ. ಸಡಿಲ ಹಿಡಿತದಿಂದ ಸಿಕ್ಕಿಕೊಳ್ಳುವ ರಗಳೆಯಿಲ್ಲ. ಈ ಕಾರಣಗಳಿಂದ ಕೈಬಲ ಕುಂದಿದವರಿಗೆ ಮೊದಲ ಆಯ್ಕೆ ರಿವಾಲ್ವರೇ.

ಆದರೆ ಇದರ ಟ್ರಿಗರ್ ಬಿಗಿ. ಒಂದೇ ಎಳೆತದಲ್ಲಿ ಉರುಳೆಯನ್ನು ತಿರುಗಿಸಿ, ಕುದುರೆಯನ್ನು ಎತ್ತಿ, ಬೀಳಿಸಬೇಕಾದ್ದರಿಂದ ಸಾಮಾನ್ಯವಾಗಿ 4ರಿಂದ 6 ಕಿಲೋದಷ್ಟು ಎಳೆಯಬೇಕಾಗುತ್ತದೆ. ಹೆಬ್ಬೆರಳಿನಿಂದ ಕುದುರೆಯನ್ನು ಮೊದಲೇ ಎತ್ತಿಟ್ಟರೆ ಟ್ರಿಗರ್ ಬಹಳ ಹಗುರವಾಗುತ್ತದೆ. ಹಾಗಾದರೆ ಹಾಗೇ ಮಾಡೋಣವೆಂದು ತೋರುವುದು ಸಹಜ. ಆದರೆ ಹೆಬ್ಬೆರಳ ಕೀಲು ನೋಯುವವರಿಗೆ ಆ ಕೆಲಸವೇ ಕಷ್ಟ. ಕುದುರೆ ನಡುವೆ ಜಾರಿದರೆ ಅಪಾಯ. ಎತ್ತಿದ ಕುದುರೆಯನ್ನು ಗುಂಡು ಹಾರಿಸದೆ ಮೆಲ್ಲನೆ ಇಳಿಸುವುದಕ್ಕೆ ಇನ್ನೂ ನಾಜೂಕು ಬೇಕು. ಕೈ ನಡುಗುವವರು, ಬೆರಳು ಜೋಮು ಹಿಡಿಯುವವರು ಇದನ್ನು ಮಾಡಲೇಬಾರದು.

ಮಾರುಕಟ್ಟೆಯ ಮಾದರಿಗಳು

ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಮಹಿಳೆಯರಿಗೆಂದು ಹೊರತಂದಿತು. ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕಿಲೋ. ಅದೇ ಕಾನ್ಪುರದಲ್ಲಿ, ಸರಕಾರಿ ಶಸ್ತ್ರ ಕಾರ್ಖಾನೆಗಳು 2021ರಲ್ಲಿ ಕಂಪೆನಿಗಳಾದ ಮೇಲೆ, 2023ರ ಆಗಸ್ಟಿನಲ್ಲಿ ‘ಪ್ರಬಲ್’ ಎಂಬುದು ಬಂತು. ಇದೂ .32 ಬೋರು, ತೋಟಾ ಇಲ್ಲದೆ ಸುಮಾರು 700 ಗ್ರಾಂ, ನಳಿಗೆ 76 ಮಿ.ಮೀ. ಇದರ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಿರ್ಭೀಕದಂಥ ಹಳೆಯ ಕ್ರಮದವು ನಡುವೆ ಮಡಚಿ ತೆರೆಯುವಂಥವು. ಯಾವುದರ ಕೊಕ್ಕೆ ನಿಮ್ಮ ಹೆಬ್ಬೆರಳಿಗೆ ಒಗ್ಗುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು. ‘ನಿಡರ್’ ಎಂಬ .22 ಬೋರಿನ ಪುಟ್ಟ ರಿವಾಲ್ವರು ಕೇವಲ ಕಾಲು ಕಿಲೋದ್ದು. ಒದೆತ ಕಡಿಮೆ, ಆದರೆ.22 ರಿವಾಲ್ವರುಗಳ ಟ್ರಿಗರ್ ಹಗುರವೆಂದು ಭಾವಿಸಬೇಡಿ, ಅನೇಕ ವೇಳೆ ಇನ್ನೂ ಬಿಗಿಯಾಗಿರುತ್ತದೆ. ಅದರ ತೋಟಾ ಎಷ್ಟು ಸಣ್ಣದೆಂದರೆ ಜೋಮು ಹಿಡಿದ ಬೆರಳಿಗೆ ಸಿಕ್ಕುವುದೇ ಕಷ್ಟ.

ಇಲ್ಲಿ ತೂಕದ ಲೆಕ್ಕ ತಿಳಿದಿರಬೇಕು. ಸೊಂಟಕ್ಕೆ ಹಗುರವಾದದ್ದು ಕೈಗೆ ಹಗುರವಲ್ಲ. ಒಂದೇ ತೋಟಾವನ್ನು 700 ಗ್ರಾಮಿನ ರಿವಾಲ್ವರಿನಲ್ಲೂ 500 ಗ್ರಾಮಿನದರಲ್ಲೂ ಹಾರಿಸಿದರೆ ಹಗುರವಾದದ್ದು ಸುಮಾರು 1.4 ಪಟ್ಟು ಶಕ್ತಿಯಿಂದ ಒದೆಯುತ್ತದೆ. ನೋವಿರುವ ಮಣಿಕಟ್ಟಿಗೆ ಇದು ತಿಳಿಯುತ್ತದೆ. ಒಂದು ಸಲ ನೋವಾದವನು ಎರಡನೆಯ ಸಲ ಅಭ್ಯಾಸಕ್ಕೆ ಹೋಗುವುದಿಲ್ಲ. ಅಭ್ಯಾಸವಿಲ್ಲದವನ ಕೋವಿ ಇದ್ದೂ ಇಲ್ಲದಂತೆ. ಆದ್ದರಿಂದ ಎತ್ತಿ ಹಿಡಿಯಬಲ್ಲವರು ತುಸು ಭಾರದ್ದನ್ನೇ ಆರಿಸುವುದು ಲೇಸು. ಹಿಡಿಯೂ ಅಂಗೈ ತುಂಬುವಂತಿರಲಿ. ತೆಳು ಹಿಡಿ ಒಂದೇ ಕಡೆ ಒತ್ತುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ

ಅಂಗಡಿಗೆ ಹೋಗುವ ಮುನ್ನ ಕಾಫಿ ತೂಗುವ ಸ್ಪ್ರಿಂಗು ತಕ್ಕಡಿಯನ್ನು ಗೋಡೆಯ ಮೊಳೆಗೆ ಕಟ್ಟಿ, ಕೊಕ್ಕೆಗೆ ತೋರುಬೆರಳೊಂದನ್ನೇ ಹಾಕಿ ಎಳೆಯಿರಿ. ಆರು ಕಿಲೋ ತೋರಿಸಬೇಕು. ಒಂದು ಸಲ ಸಾಲದು, ಐದು ಸಲ ಬಿಡದೆ. ಇದನ್ನು ಮಳೆಗಾಲದ ಬೆಳಿಗ್ಗೆ, ಕೈ ಮರಗಟ್ಟಿದಾಗ ಮಾಡಿ ನೋಡಿ. ದಿನವಿಡೀ ದುಡಿದ ಸಂಜೆಯೂ ನೋಡಿ. ಕಳ್ಳ ನಿಮ್ಮ ಕೈ ಬೆಚ್ಚಗಿರುವ ಹೊತ್ತು ನೋಡಿ ಬರುವುದಿಲ್ಲ.

ಅಂಗಡಿಯಲ್ಲಿ ಕೋವಿ ಖಾಲಿಯಿದೆಯೆಂದು ಅಂಗಡಿಯವರೂ ನೀವೂ ಬೇರೆ ಬೇರೆಯಾಗಿ ನೋಡಿ ಖಚಿತಪಡಿಸಿಕೊಂಡ ಮೇಲೆ, ಹುಸಿ ತೋಟಾ ಹಾಕಿಸಿ, ಅವರು ತೋರಿಸಿದ ಸುರಕ್ಷಿತ ದಿಕ್ಕಿಗೆ ಹಿಡಿದು ಈ ನಾಲ್ಕನ್ನು ನೀವೇ, ಯಾರ ಸಹಾಯವೂ ಇಲ್ಲದೆ ಮಾಡಿ:

1. ತೆರೆದು, ತುಂಬಿ, ಮುಚ್ಚುವುದು.
2. ಕುದುರೆ ಎತ್ತದೆ, ಎರಡೂ ಕೈಯಲ್ಲಿ ಹಿಡಿದು ಹತ್ತು ಸಲ ಟ್ರಿಗರ್ ಎಳೆಯುವುದು. ನಳಿಗೆಯ ತುದಿ ಅಲ್ಲಾಡಬಾರದು.
3. ಮತ್ತೆ ತೆರೆದು ಪೂರ್ತಿ ಖಾಲಿ ಮಾಡುವುದು.
4. ಇದೇ ಮೂರನ್ನು ಮಂದ ಬೆಳಕಿನಲ್ಲಿ, ಕನ್ನಡಕವಿಲ್ಲದೆ ಮಾಡುವುದು.

ಮೂರನೆಯದರಲ್ಲಿ ಸೋತರೆ ಆ ಕೋವಿ ನಿಮ್ಮದಲ್ಲ. ಹಾರಿಸಬಲ್ಲೆನೇ ಎಂದು ಎಲ್ಲರೂ ಕೇಳಿಕೊಳ್ಳುತ್ತಾರೆ; ಖಾಲಿ ಮಾಡಬಲ್ಲೆನೇ ಎಂದು ಕೇಳಿಕೊಳ್ಳುವವರು ಕಡಿಮೆ. ಕೋವಿ ಜೀವಮಾನದಲ್ಲಿ ಒಮ್ಮೆಯೂ ಹಾರಿಸಬೇಕಾಗಿ ಬಾರದಿರಬಹುದು. ಖಾಲಿ ಮಾಡುವುದು ಮಾತ್ರ ಮೇಲಿಂದ ಮೇಲೆ ಬರುವ ಕೆಲಸ. ಅಪಘಾತವಾಗುವುದೂ ಅಲ್ಲಿಯೇ. ಟ್ರಿಗರಿನ ಸ್ಪ್ರಿಂಗು ಕತ್ತರಿಸಿ ಹಗುರ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೋವಿ ಕೊಡಬೇಡಿ. ಬೇಕಾದಾಗ ತೋಟಾ ಹೊಡೆಯದೆ, ಬೇಡವಾದಾಗ ಹಾರುವಂತಾದೀತು.

ಕಾನೂನಿನ ಮಾತು

ಲೈಸೆನ್ಸಿಗೆ ಅರ್ಜಿ ಜಿಲ್ಲಾಧಿಕಾರಿಗಳಿಗೆ. ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸು ಇದ್ದವರಿಗೆ ಅದರಲ್ಲೇ ರಿವಾಲ್ವರು ಬಂತೆಂದು ತಿಳಿಯಬಾರದು. ಜೀವಭಯದ ಕಾರಣವನ್ನು ಬೇರೆಯಾಗಿಯೇ ತೋರಿಸಬೇಕು. 2016ರ ಆಯುಧ ನಿಯಮಗಳ ಪ್ರಕಾರ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ವ್ಯವಸ್ಥೆಯ ಮುಚ್ಚಳಿಕೆ ಬೇಕು. ವೈದ್ಯರೆದುರು ಕೈಯ ತೊಂದರೆಯನ್ನು ಮುಚ್ಚಿಡಬೇಡಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿದರೆ ಕೋವಿಯ ಶಿಸ್ತು ಮೈಗೂಡುತ್ತದೆ. 2019ರ ತಿದ್ದುಪಡಿಯಾದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದದ್ದು ಎರಡೇ ಕೋವಿ. ಲೈಸೆನ್ಸಿನ ಅವಧಿ ಐದು ವರ್ಷ. ಕೊಡಗಿನ ಸದಸ್ಯರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆದರೆ ಅದು ಕೈಕೋವಿಗೂ ತಾನಾಗಿ ಅನ್ವಯಿಸುತ್ತದೆಂದು ಊಹಿಸದೆ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಆತ್ಮರಕ್ಷಣೆಯ ಹಕ್ಕು ಈಗ 2023ರ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿದೆ. ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟನ್ನು ಕಾನೂನು ಒಪ್ಪುವುದಿಲ್ಲ. ಅಡಿಕೆ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಜೈಲು ಸೇರುವವರು ನಾವೇ.

ಇಟ್ಟುಕೊಳ್ಳುವ ಕ್ರಮ

ತೊಗಲಿನ ಚೀಲದಲ್ಲೇ ಮಳೆಗಾಲವಿಡೀ ಬಿಟ್ಟರೆ ತುಕ್ಕು ಖಂಡಿತ. ಒರೆಸಿ, ಎಣ್ಣೆ ಸವರಿ, ಬೀಗದಲ್ಲಿಡಿ. ತೋಟಾ ಬೇರೆ ಬೀಗದಲ್ಲಿ. ಹಣ ಮುಂತಾದ್ದನ್ನು ಒಯ್ಯುವಾಗ ಮಾತ್ರ ಸೊಂಟದಲ್ಲಿರಲಿ, ಅದೂ ಟ್ರಿಗರ್ ಮುಚ್ಚುವಂಥ ಚೀಲದಲ್ಲಿ. ಬಗ್ಗಿ ಕೆಲಸ ಮಾಡುವಾಗ, ಏಣಿ ಹತ್ತುವಾಗ ಬೇಡ. ರಜಕ್ಕೆ ಮೊಮ್ಮಕ್ಕಳು ಬರುವ ಮನೆಯಲ್ಲಿ ದಿಂಬಿನ ಕೆಳಗೆ ಕೋವಿ ಇಡುವ ಪದ್ಧತಿ ಇಂದೇ ನಿಲ್ಲಲಿ.

ಇನ್ನೊಂದನ್ನು ಸಂಕೋಚವಿಲ್ಲದೆ ಹೇಳಬೇಕು. ಸಾಲ, ರೋಗ, ಬೆಲೆ ಕುಸಿತಗಳಿಂದ ಮನಸ್ಸು ಕುಗ್ಗಿದವರು ಮನೆಯಲ್ಲಿದ್ದರೆ ಆ ಮನೆಯಲ್ಲಿ ಯಾವ ಕೋವಿಯೂ ಇರಬಾರದು. ಠಾಣೆಯಲ್ಲೋ ಲೈಸೆನ್ಸು ಇರುವ ಆಯುಧದ ಅಂಗಡಿಯಲ್ಲೋ ಠೇವಣಿ ಇಡಲು ಅವಕಾಶವಿದೆ. ಹೀಗೆ ಠೇವಣಿ ಇಡುವುದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು: ಕೈಬಲ ಕುಂದಿದವರಿಗೆ ತುಸು ಭಾರದ, ಅಂಗೈ ತುಂಬುವ ಹಿಡಿಯ .32 ರಿವಾಲ್ವರು ಉಳಿದವುಗಳಿಗಿಂತ ಮೇಲು. ಅದನ್ನೂ ತಾನೇ ತುಂಬಿ ತಾನೇ ಖಾಲಿ ಮಾಡಲಾಗದವರು ಕೋವಿಯ ಹಣವನ್ನು ಬಾಗಿಲು, ಬೆಳಕು, ನಾಯಿಗಳಿಗೆ ಹಾಕುವುದು ಜಾಣತನ. ಈ ವಿಷಯದಲ್ಲಿ ಅನುಭವವುಳ್ಳ ಸದಸ್ಯರು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.