ಕಡಲಿಗಿಳಿದ ಗಡಿಯಾರ

ಹೊತ್ತೆಷ್ಟಾಯಿತೆಂದು ತಿಳಿಯಲು ನಾವು ಗಡಿಯಾರ ನೋಡುತ್ತೇವೆ. ನಡುಗಡಲಿನ ನಾವಿಕನಿಗೆ ಅದು ‘ನಾನೆಲ್ಲಿದ್ದೇನೆ?’ ಎಂಬ ಪ್ರಶ್ನೆಗೂ ಉತ್ತರ ಕೊಡಬಲ್ಲದು. ಹೇಗೆ?

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಎರಡು ಸ್ಥಳಗಳ ವೇಳೆಯ ಅಂತರ ತಿಳಿದರೆ ಅವುಗಳ ರೇಖಾಂಶದ ಅಂತರವೂ ತಿಳಿದಂತೆಯೇ. ನಮ್ಮ ಭಾರತೀಯ ಕಾಲಮಾನವನ್ನೇ ನೋಡಿ. ಅದರ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ. ಇದನ್ನು 15ರಿಂದ ಭಾಗಿಸಿದರೆ 5.5. ಆದ್ದರಿಂದಲೇ ನಾವು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಹಡಗು ಇರುವಲ್ಲಿನ ವೇಳೆಯನ್ನು ಸೂರ್ಯನಿಂದ ತಿಳಿಯಬಹುದು. ಆದರೆ ಹೊರಟ ಬಂದರಿನ ವೇಳೆ ತಿಳಿಯಲು ತಪ್ಪದೆ ನಡೆಯುವ ಗಡಿಯಾರ ಬೇಕು.

ಅಂಥದೊಂದು ಇರಲಿಲ್ಲ. 1656ರಲ್ಲಿ ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್ ರೂಪಿಸಿದ ಲೋಲಕದ ಗಡಿಯಾರ ನೆಲದ ಮೇಲೆ ಚೆನ್ನಾಗಿ ನಡೆಯುತ್ತಿತ್ತು. ಓಲಾಡುವ ಹಡಗಿನಲ್ಲಿ ಲಯ ತಪ್ಪುತ್ತಿತ್ತು. ಸೆಕೆಗೆ ಲೋಹ ಹಿಗ್ಗುತ್ತಿತ್ತು, ಚಳಿಗೆ ಕುಗ್ಗುತ್ತಿತ್ತು. 1707ರಲ್ಲಿ ತಾವಿದ್ದ ಸ್ಥಾನವನ್ನು ತಪ್ಪಾಗಿ ಅಂದಾಜು ಮಾಡಿದ ಬ್ರಿಟನ್ನಿನ ನಾಲ್ಕು ಯುದ್ಧನೌಕೆಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

1714ರಲ್ಲಿ ಬ್ರಿಟಿಷ್ ಸಂಸತ್ತು ಬಹುಮಾನ ಸಾರಿತು: ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಸುವ ವಿಧಾನಕ್ಕೆ 20,000 ಪೌಂಡ್. ಅರ್ಧ ಡಿಗ್ರಿಯೆಂದರೆ 2 ನಿಮಿಷ. ಆರು ವಾರಗಳ ಯಾನದಲ್ಲಿ ದಿನಕ್ಕೆ 3 ಸೆಕೆಂಡಿನಷ್ಟೂ ತಪ್ಪಬಾರದು! ಅಂಥ ಗಡಿಯಾರ ಇನ್ನೂ ತಯಾರಾಗಿಲ್ಲವೆಂದು ಸ್ವತಃ ನ್ಯೂಟನ್ ಸಂಸತ್ತಿಗೆ ಹೇಳಿದ್ದನು.

ಸವಾಲನ್ನು ಸ್ವೀಕರಿಸಿದವನು ಜಾನ್ ಹ್ಯಾರಿಸನ್. 1693ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಈತ ಬಡಗಿ. ಗಡಿಯಾರದ ಕಸುಬನ್ನು ತಾನಾಗಿಯೇ ಕಲಿತವನು. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡರ ಸರಳುಗಳನ್ನೂ ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದು ಸರಿದೂಗಿಸುವಂಥ ಲೋಲಕವನ್ನು ಅವನು ಮಾಡಿದನು. ಕಡಲಿಗಾಗಿ ಲೋಲಕವನ್ನೇ ಬಿಟ್ಟು, ಸ್ಪ್ರಿಂಗುಗಳಿಂದ ಜೋಡಿಸಿದ ಎರಡು ತೂಗುದಂಡಗಳ ಮೊದಲ ಗಡಿಯಾರವನ್ನು 1735ರಲ್ಲಿ ಮುಗಿಸಿದನು. ಮೂರನೆಯದಕ್ಕೆ 19 ವರ್ಷ ಹಿಡಿಯಿತು. ಅದರಲ್ಲಿ ಬಳಸಿದ ಎರಡು ಲೋಹಗಳ ಜೋಡಿಪಟ್ಟಿಯ ತತ್ತ್ವವೇ ವಿದ್ಯುತ್ ಇಸ್ತ್ರಿಪೆಟ್ಟಿಗೆಯ ಶಾಖ ನಿಯಂತ್ರಣದಲ್ಲೂ ಇದೆ.

ಆದರೂ ಅವನಿಗೆ ತೃಪ್ತಿಯಿಲ್ಲ. ದೊಡ್ಡ ಯಂತ್ರಕ್ಕಿಂತ ವೇಗವಾಗಿ ಮಿಡಿಯುವ ಚಿಕ್ಕ ಗಡಿಯಾರವೇ ಅಲುಗಾಟವನ್ನು ತಾಳಬಲ್ಲದೆಂದು ಮನಗಂಡನು. 1759ರಲ್ಲಿ ಸಿದ್ಧವಾದ ನಾಲ್ಕನೆಯದು ಸುಮಾರು 13 ಸೆಂಟಿಮೀಟರ್ ಅಗಲದ, ಸೆಕೆಂಡಿಗೆ ಐದು ಬಾರಿ ಮಿಡಿಯುವ ಗಡಿಯಾರ. 1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದನು. ಮೊದಲೇ ಗೊತ್ತಿದ್ದ ದೈನಿಕ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆ, 81 ದಿನಗಳಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡು. ದೂರದಲ್ಲಿ ಹೇಳುವುದಾದರೆ ಎರಡು ಕಿಲೋಮೀಟರಿನ ಆಸುಪಾಸು!

ಬಹುಮಾನ ಮಾತ್ರ ಸುಲಭವಾಗಿ ಸಿಗಲಿಲ್ಲ. ಇದು ಬರಿಯ ಅದೃಷ್ಟವಿರಬಹುದೆಂಬ ಸಂಶಯ. ಚಂದ್ರನ ಸ್ಥಾನದಿಂದಲೇ ರೇಖಾಂಶ ತಿಳಿಯಬೇಕೆಂಬ ಖಗೋಳಜ್ಞರ ಒಲವು. ಗಡಿಯಾರದ ರಹಸ್ಯವನ್ನೆಲ್ಲ ಬಿಚ್ಚಿಟ್ಟ ಮೇಲೆ 1765ರಲ್ಲಿ ಅರ್ಧ ಹಣ ದೊರೆಯಿತು. ಕೊನೆಗೆ ದೊರೆ ಮೂರನೆಯ ಜಾರ್ಜನ ಬೆಂಬಲದಿಂದ 1773ರಲ್ಲಿ ಸಂಸತ್ತು 8,750 ಪೌಂಡ್ ಕೊಟ್ಟಾಗ ಹ್ಯಾರಿಸನ್ನನಿಗೆ 80 ವರ್ಷ. ಮೂರು ವರ್ಷಗಳಲ್ಲಿ ಅವನು ತೀರಿಕೊಂಡನು. ಅಷ್ಟರಲ್ಲಿ ಕ್ಯಾಪ್ಟನ್ ಕುಕ್ ಆ ಗಡಿಯಾರದ ಪ್ರತಿಯೊಂದನ್ನು ತನ್ನ 1772–75ರ ಯಾನದಲ್ಲಿ ಬಳಸಿ ಮೆಚ್ಚಿದ್ದನು. ಗ್ರೀನ್‌ವಿಚ್ ವೀಕ್ಷಣಾಲಯದಲ್ಲಿ ಹ್ಯಾರಿಸನ್ನನ ಗಡಿಯಾರಗಳನ್ನು ಇಂದಿಗೂ ನೋಡಬಹುದು.

ಈಗ ನೀವೇ ಲೆಕ್ಕ ಹಾಕಿ: ಹಡಗಿನಲ್ಲಿ ಸರಿಯಾಗಿ ನಡು ಮಧ್ಯಾಹ್ನ 12 ಗಂಟೆ. ಗ್ರೀನ್‌ವಿಚ್ ವೇಳೆ ತೋರಿಸುವ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಹಡಗು ಯಾವ ರೇಖಾಂಶದಲ್ಲಿದೆ? (ಉತ್ತರ: ಪಶ್ಚಿಮ 50 ಡಿಗ್ರಿ.)