ಫೋನ್ ಬಾರದ ದಿನಗಳಲ್ಲಿ ಯೋಧನ ಮನೆ

ನಮ್ಮ ಮದ್ರಸದ ಎರಡನೇ ತರಗತಿಯ ಹುಡುಗಿಯೊಬ್ಬಳಲ್ಲಿ "ಉಪ್ಪ ಯಾವ ಊರಲ್ಲಿದ್ದಾರೆ?" ಎಂದು ಕೇಳಿದೆ. "ಹೇಳಬಾರದಂತೆ ಉಸ್ತಾದ್" ಎಂದಳು. ಉಳಿದ ಮಕ್ಕಳು ನಕ್ಕರು. ಅವರ ಉಪ್ಪಂದಿರು ದುಬೈ, ದಮ್ಮಾಮ್, ಜುಬೈಲ್‌ನಲ್ಲಿ. ಇವಳ ಉಪ್ಪ ಸೇನೆಯಲ್ಲಿ.

ಗಂಡ ದೂರವಿರುವ ಮನೆ ನಮ್ಮ ಬ್ಯಾರಿಗಳಿಗೆ ಹೊಸತಲ್ಲ. ಆದರೆ ಗಲ್ಫಿನಿಂದ ರಾತ್ರಿಯಾದರೆ ವೀಡಿಯೊ ಕಾಲ್ ಬರುತ್ತದೆ. ನೆಟ್‌ವರ್ಕ್ ಇಲ್ಲದ ಗಡಿ ಪೋಸ್ಟಿಗೆ ಹೋದವರ ಸುದ್ದಿ ದಿನಗಟ್ಟಲೆ ಇರುವುದಿಲ್ಲ. "ಟಿವಿಯಲ್ಲಿ ಗಡಿ ಅಂದ್ರೆ ಸಾಕು, ಅನ್ನ ಗಂಟಲಲ್ಲಿ ಇಳಿಯಲ್ಲ. ಅತ್ತೆ ಎದುರು ಅಳೋ ಹಾಗೂ ಇಲ್ಲ, ಅವರು ಹೆತ್ತವರಲ್ವಾ" ಎಂದು ಆ ಮಗುವಿನ ಉಮ್ಮ ನನ್ನ ಮಡದಿಯಲ್ಲಿ ಹೇಳಿದ್ದರು.

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಆದರೆ ಸಿಗುವುದು ಪಡೆಯ ಅಗತ್ಯ ನೋಡಿಕೊಂಡು. ಪೆರ್ನಾಲ್‌ಗೆ ಬರುತ್ತೇನೆಂದವರು ಬಾರದೆ ಇರಬಹುದು. ಶಾಂತಿ ಪ್ರದೇಶದ ಪೋಸ್ಟಿಂಗ್ ಆದರೆ ಕ್ವಾರ್ಟರ್ಸ್ ಸಿಕ್ಕಿ ಹೆಂಡತಿ ಮಕ್ಕಳು ಜೊತೆಗಿರಬಹುದು. ಎರಡು ಮೂರು ವರ್ಷದಲ್ಲಿ ಮತ್ತೆ ವರ್ಗ, ಮಕ್ಕಳಿಗೆ ಹೊಸ ಶಾಲೆ, ಹೊಸ ಭಾಷೆ. ಫೀಲ್ಡ್ ಪ್ರದೇಶವಾದರೆ ಕುಟುಂಬ ಊರಿನಲ್ಲೇ.

ಈ ಸಂಕಟಕ್ಕೆ ಖಲೀಫ ಉಮರ್ (ರ) ಕಿವಿಗೊಟ್ಟ ಘಟನೆ ವರದಿಗಳಲ್ಲಿದೆ. ರಾತ್ರಿ ಗಸ್ತಿನಲ್ಲಿದ್ದಾಗ, ಯುದ್ಧಕ್ಕೆ ಹೋದ ಗಂಡನನ್ನು ನೆನೆದು ಮಹಿಳೆಯೊಬ್ಬಳು ದುಃಖಿಸುವುದು ಅವರಿಗೆ ಕೇಳಿತು. ಹೆಣ್ಣು ಎಷ್ಟು ಕಾಲ ಸಹಿಸಬಲ್ಲಳು ಎಂದು ಮಗಳು ಹಫ್ಸಾ (ರ) ಅವರನ್ನು ಕೇಳಿದರು. ನಾಲ್ಕು ಅಥವಾ ಆರು ತಿಂಗಳು ಎಂಬ ಉತ್ತರ ಬಂತು. ಅದಕ್ಕಿಂತ ಹೆಚ್ಚು ಕಾಲ ಯೋಧರನ್ನು ಮನೆಯಿಂದ ದೂರ ಇಡಬಾರದೆಂದು ಆಜ್ಞೆ ಮಾಡಿದರು. ಹೆಣ್ಣಿನ ದುಃಖವನ್ನು ಹೆಣ್ಣಿನಲ್ಲೇ ಕೇಳಿ ತಿಳಿದ ಆಡಳಿತ ಅದು.

ಇಂಥ ಮನೆಯವರು ಕಾಗದಪತ್ರ ಸರಿ ಇಟ್ಟುಕೊಳ್ಳಲೇಬೇಕು. ಮದುವೆ, ಮಕ್ಕಳ ಜನನ ಸೇನೆಯ ದಾಖಲೆಯಲ್ಲಿ 'ಪಾರ್ಟ್ ಟು ಆರ್ಡರ್' ಮೂಲಕ ಸೇರಬೇಕು. ನಿಕಾಹ್ ಪತ್ರದಲ್ಲಿ 'ಆಯಿಶಾ', ಆಧಾರ್‌ನಲ್ಲಿ 'ಐಸಮ್ಮ' ಎಂದಿದ್ದರೆ ಮುಂದೆ ಪಿಂಚಣಿವರೆಗೂ ತೊಂದರೆ. ನಿಕಾಹ್ ಬರೆಯುವ ನಾವು ಉಸ್ತಾದರೂ ಆಧಾರ್ ನೋಡಿಯೇ ಹೆಸರು ಬರೆಯೋಣ. ಸೈನಿಕರ ಪತ್ನಿಯರಿಗಾಗಿ 1966ರಿಂದ 'ಆವಾ' ಎಂಬ ಕಲ್ಯಾಣ ಸಂಘ ಇದೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳೂ ಇವೆ. ವಿಚಾರಿಸಲು ಸಂಕೋಚ ಬೇಡ.

ಇನ್ನು ನೆರೆಕರೆಯ ನಾವು. "ಗಂಡ ಎಲ್ಲಿ, ಯಾವಾಗ ಬರ್ತಾರೆ?" ಎಂದು ದಿನಾ ಕೇಳುವುದು ಬೇಡ. ಗಡಿಯ ಗಾಳಿಸುದ್ದಿಯನ್ನು ಆ ಮನೆಯ ಮೊಬೈಲಿಗೆ ಕಳಿಸುವುದಂತೂ ಬೇಡವೇ ಬೇಡ. ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕಾರು ತೆಗೆದುಕೊಂಡು ಹೋಗುವವರು ಬೇಕು. ಜಮಾಅತ್‌ನಲ್ಲಿ ಅಂಥ ಇಬ್ಬರು ಮೂವರ ನಂಬರ್ ಆ ಉಮ್ಮನ ಕೈಯಲ್ಲಿರಲಿ.

ನಕ್ಕ ಮಕ್ಕಳಿಗೆ ಅಂದು ಪಾಠ ನಿಲ್ಲಿಸಿ ಇಷ್ಟನ್ನೇ ಹೇಳಿದೆ: "ಅವಳು ಉಪ್ಪ ಇರುವ ಜಾಗ ಮರೆತದ್ದಲ್ಲ ಮಕ್ಕಳೇ, ಅಮಾನತ್ ಕಾಪಾಡಿದ್ದು." ಆಮೇಲೆ ಎಲ್ಲರೂ ಸೇರಿ ಅವಳ ಉಪ್ಪನಿಗಾಗಿ ದುಆ ಮಾಡಿದೆವು.