‘ರ’ ಅಕ್ಷರದ ಕಲಿಕೆ: ಅಂಗನವಾಡಿ ಮಕ್ಕಳ ಪೋಷಕರಿಗೆ ಮಾಹಿತಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ಅಂಗನವಾಡಿ ಕೇಂದ್ರಗಳಲ್ಲಿ ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮುಂತಾದ ಸೇವೆಗಳೊಂದಿಗೆ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನೂ ಉಚಿತವಾಗಿ ನೀಡಲಾಗುತ್ತದೆ. ಆಹಾರದ ಬಗ್ಗೆ ಪೋಷಕರಲ್ಲಿ ಹೆಚ್ಚಿನ ಸಂದೇಹಗಳಿರುವುದಿಲ್ಲ. ಆದರೆ ಶಾಲಾಪೂರ್ವ ಶಿಕ್ಷಣದ ವಿಷಯ ಬಂದಾಗ, “ಮಗು ಸೇರಿ ಆರು ತಿಂಗಳಾಯಿತು, ಇನ್ನೂ ಒಂದಕ್ಷರವನ್ನೂ ಬರೆದಿಲ್ಲವೇಕೆ?” ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುತ್ತದೆ. ಇದೇ ಕಾರಣಕ್ಕೆ ಮಗುವಿನ ಹೆಸರು ತೆಗೆಸಿ, ಶುಲ್ಕ ತೆತ್ತು, ಮೂರೂವರೆ ವರ್ಷಕ್ಕೇ ಕಾಪಿ ಬರೆಸುವ ಕಡೆಗೆ ಸೇರಿಸುವ ಕುಟುಂಬಗಳೂ ಇವೆ. ಅಂತಹ ತೀರ್ಮಾನ ಕೈಗೊಳ್ಳುವ ಮುನ್ನ, ಬರೆಯುವುದಕ್ಕೆ ಮೊದಲೇ ಮಗು ಒಂದು ಅಕ್ಷರವನ್ನು ಎಷ್ಟರಮಟ್ಟಿಗೆ ಕಲಿತಿರುತ್ತದೆ ಎಂಬುದನ್ನು ತಿಳಿಯುವುದು ಸೂಕ್ತ. ಇಲ್ಲಿ ‘ರ’ ಅಕ್ಷರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

‘ಅ’ ಬಿಟ್ಟು ‘ರ’ ಏಕೆ?

ವರ್ಣಮಾಲೆಯ ಕ್ರಮದಲ್ಲಿ ಕಲಿತ ಮಗುವಿಗೆ ಸ್ವರಗಳೆಲ್ಲ ಮುಗಿದರೂ ಓದಲು ಹೆಚ್ಚಿನ ಪದಗಳು ದೊರೆಯುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಪರಿಚಯಿಸುವ ಅಕ್ಷರಗಳು ರ, ಗ, ಸ, ದ ಮತ್ತು ಅ. ಈ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಓದಬಹುದು. ‘ರ’ದ ರೂಪವೂ ಸರಳ: ದುಂಡಗಿನ ಒಡಲು, ಮೇಲೊಂದು ತಲೆಕಟ್ಟು. ಒಡಲೊಳಗೆ ಚುಕ್ಕೆಯಿಟ್ಟರೆ ಅದೇ ‘ಠ’ ಆಗುವುದರಿಂದ ಇವೆರಡನ್ನೂ ಒಟ್ಟಿಗೆ ಕಲಿಸದಿರುವುದು ಒಳಿತು.

ಮೊದಲು ಕಿವಿಗೆ, ನಂತರ ಕಾಲಿಗೆ

ಮಗು ಅಕ್ಷರವನ್ನು ನೋಡುವ ಮುನ್ನ ಅದರ ಧ್ವನಿಯನ್ನು ಗುರುತಿಸಬೇಕು. ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ ಕಾರ್ಯಕರ್ತೆಯು ನಿಧಾನವಾಗಿ ಪದಗಳನ್ನು ಹೇಳುತ್ತಾರೆ: ಮರ, ಹಸು, ದಾರ, ರವೆ, ಬಾಳೆ, ರಥ. ‘ರ’ ಕೇಳಿಸಿದಾಗ ಮಾತ್ರ ಚಪ್ಪಾಳೆ ತಟ್ಟಬೇಕು. ಪದದ ಮೊದಲಲ್ಲಿರುವ ‘ರ’ವನ್ನಷ್ಟೇ ಹುಡುಕಿಸುವ ರೂಢಿ ಹಲವೆಡೆ ಇದೆ. ಆದರೆ ಮರ, ಸರ, ಹಾರ, ಖಾರ ಎಂದು ಮಗುವಿನ ದಿನನಿತ್ಯದ ಮಾತಿನಲ್ಲಿ ‘ರ’ ಕೊನೆಯಲ್ಲಿಯೂ ಧಾರಾಳವಾಗಿ ಬರುತ್ತದೆ. ಅದನ್ನು ಬಿಡುವುದು ಸರಿಯಲ್ಲ.

ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಆಟವನ್ನು ಅವರ ಮಾತಿನಿಂದಲೇ ಆರಂಭಿಸಬಹುದು. ತುಳುವಿನ ‘ರಡ್ಡ್’, ತೆಲುಗಿನ ‘ರಾಯಿ’, ಉರ್ದುವಿನ ‘ರಾತ್’ ಇವೆಲ್ಲವುಗಳಲ್ಲಿಯೂ ಇದೇ ಧ್ವನಿಯಿದೆ. ಇದರ ನಂತರ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ ‘ರ’ ಬರೆದು, ಗೆರೆಯ ಮೇಲೆ ಮಕ್ಕಳನ್ನು ಸಾಲಾಗಿ ನಡೆಸಲಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಬರಿಯ ಆಟವೆಂದು ತೋರುತ್ತದೆ. ಆದರೆ ಅಕ್ಷರ ಎಲ್ಲಿ ಆರಂಭವಾಗಿ ಎತ್ತ ತಿರುಗುತ್ತದೆ ಎಂಬುದು ಮಗುವಿಗೆ ಇಲ್ಲಿಯೇ ಮನದಟ್ಟಾಗುತ್ತದೆ.

ರಾಗಿ ತಟ್ಟೆಯ ಬರವಣಿಗೆ

ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಅಕ್ಷರಾಭ್ಯಾಸ ಅನೇಕ ಮನೆಗಳಲ್ಲಿ ಒಂದು ದಿನದ ಶಾಸ್ತ್ರವಾಗಿ ಮುಗಿಯುತ್ತದೆ. ಅದನ್ನೇ ನಿತ್ಯದ ಆಟವಾಗಿಸಬಹುದು. ಅಗಲವಾದ ತಟ್ಟೆಯಲ್ಲಿ ರಾಗಿ ಹರಡಿ, ತೋರುಬೆರಳಿನಿಂದ ‘ರ’ ತಿದ್ದಿಸಬೇಕು. ತಪ್ಪಾದರೆ ತಟ್ಟೆಯನ್ನು ಅಲುಗಾಡಿಸಿದರೆ ಸಾಕು, ತಪ್ಪು ಉಳಿಯುವುದಿಲ್ಲ. ಕೆಂಪು ಶಾಯಿಯಿಂದ ಹೊಡೆದುಹಾಕುವ ಪ್ರಸಂಗವೇ ಇಲ್ಲಿಲ್ಲ. ತಗಲುವ ವೆಚ್ಚ ಎರಡು ಹಿಡಿ ರಾಗಿ, ಆಟ ಮುಗಿದ ಮೇಲೆ ಅದೂ ಡಬ್ಬಿಗೆ ಹಿಂದಿರುಗುತ್ತದೆ.

ಗೆರೆಯ ಮೇಲೆ ಹುಣಸೆ ಬೀಜ ಜೋಡಿಸುವ ಆಟವೂ ಮಕ್ಕಳಿಗೆ ಪ್ರಿಯವಾದುದು. ಆದರೆ ಚಿಕ್ಕ ಮಕ್ಕಳು ಬೀಜವನ್ನು ಮೂಗು, ಕಿವಿ ಅಥವಾ ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ, ಹಿರಿಯರು ಪಕ್ಕದಲ್ಲಿಯೇ ಕುಳಿತಿದ್ದು, ಮುಗಿದ ಕೂಡಲೇ ಬೀಜಗಳನ್ನು ತೆಗೆದಿಡತಕ್ಕದ್ದು.

ಈ ವಯಸ್ಸಿನಲ್ಲಿ ಬೆರಳು ಮತ್ತು ಮಣಿಕಟ್ಟಿನ ಹಿಡಿತ ಇನ್ನೂ ಬಲಿತಿರುವುದಿಲ್ಲ. ಅವರೆಕಾಯಿ ಸುಲಿಯುವುದು, ಹಿಟ್ಟಿನ ಉಂಡೆ ಮಾಡುವುದು, ಮಣಿ ಪೋಣಿಸುವುದು ಇವೇ ಬರವಣಿಗೆಯ ಪೂರ್ವಸಿದ್ಧತೆ. ಕೈ ಪಳಗಿದ ಮೇಲೆ ಸ್ಲೇಟು ಮತ್ತು ದಪ್ಪ ಸೀಮೆಸುಣ್ಣ, ಬಹಳ ತಡವಾಗಿ ಪೆನ್ಸಿಲ್. ನಾಲ್ಕು ವರ್ಷದ ಮಗುವಿನಿಂದ ಒಂದು ಪುಟ ‘ರ’ ಬರೆಸುವುದರಿಂದ ಕೈ ನೋಯುತ್ತದೆಯೇ ಹೊರತು ಕಲಿಕೆ ಹೆಚ್ಚುವುದಿಲ್ಲ. ಬರೆಯದಿದ್ದುದಕ್ಕೆ ಹೊಡೆಯುವುದು, ಇತರ ಮಕ್ಕಳೆದುರು ಹೀಯಾಳಿಸುವುದು ಮನೆಯಲ್ಲಾಗಲಿ ಕೇಂದ್ರದಲ್ಲಾಗಲಿ ಸಲ್ಲದು.

‘ರ’ ಬದಲು ‘ಲ’ ಎನ್ನುವ ಮಕ್ಕಳು

‘ಮರ’ವನ್ನು ‘ಮಲ’ ಎಂದೂ ‘ರಾಗಿ’ಯನ್ನು ‘ಲಾಗಿ’ ಎಂದೂ ಹೇಳುವುದು ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಸಾಮಾನ್ಯ. ನಾಲಿಗೆಗೆ ತಡವಾಗಿ ಒಲಿಯುವ ಧ್ವನಿಗಳಲ್ಲಿ ‘ರ’ವೂ ಒಂದು. ನಕ್ಕು ಮತ್ತೆ ಮತ್ತೆ ಹೇಳಿಸುವುದಕ್ಕಿಂತ, ಹಿರಿಯರು ತಮ್ಮ ಮಾತಿನಲ್ಲಿ ಆ ಪದವನ್ನು ಸ್ಪಷ್ಟವಾಗಿ ಬಳಸುವುದು ಮೇಲು. ಆದರೆ ಕರೆದರೆ ತಿರುಗಿ ನೋಡದ, ಮನೆಯವರಿಗೂ ಅರ್ಥವಾಗದಂತೆ ಮಾತನಾಡುವ ಅಥವಾ ಶಾಲೆಗೆ ಸೇರುವ ವಯಸ್ಸಾದರೂ ಉಚ್ಚಾರ ತಿದ್ದಿಕೊಳ್ಳದ ಮಗುವನ್ನು ಪರೀಕ್ಷೆಗೆ ಒಳಪಡಿಸುವುದು ಅವಶ್ಯಕ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಶ್ರವಣದೋಷ ಮತ್ತು ಬೆಳವಣಿಗೆಯ ವಿಳಂಬವೂ ಈ ತಪಾಸಣೆಯಲ್ಲಿ ಸೇರಿವೆ. ವಿಶೇಷ ಪರೀಕ್ಷೆ ಹಾಗೂ ಚಿಕಿತ್ಸೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

ನೋಂದಣಿ

3 ವರ್ಷ ತುಂಬಿದ ಮಗುವಿನ ಪೋಷಕರು ತಮ್ಮ ವಾಸಸ್ಥಳದ ಅಂಗನವಾಡಿ ಕಾರ್ಯಕರ್ತೆಯನ್ನು ಭೇಟಿ ಮಾಡಿ ಮಗುವಿನ ಹೆಸರನ್ನು ನೋಂದಾಯಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಜನನ ಪ್ರಮಾಣ ಪತ್ರ ಮತ್ತು ತಾಯಿ ಕಾರ್ಡ್ ಇದ್ದಲ್ಲಿ ಜೊತೆಗೆ ತರುವುದು ಅನುಕೂಲ. ಮಗುವಿನ ಕಲಿಕೆಯ ಬಗ್ಗೆ ಸಂದೇಹವಿದ್ದರೆ ಪೋಷಕರು ಚಟುವಟಿಕೆಯ ವೇಳೆಯಲ್ಲಿಯೇ ಕೇಂದ್ರಕ್ಕೆ ಬಂದು ವೀಕ್ಷಿಸಬಹುದು. ಶಾಲಾಪೂರ್ವ ಚಟುವಟಿಕೆಗಳು ನಡೆಯದಿದ್ದಲ್ಲಿ ಬಾಲವಿಕಾಸ ಸಮಿತಿ, ವೃತ್ತದ ಮೇಲ್ವಿಚಾರಕಿ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಗಮನಕ್ಕೆ ಲಿಖಿತವಾಗಿ ತರಬಹುದು.